ಏಳು ರಚನೆಗಳಿಂದ ಆಲ್ಫಾಫೋಲ್ಡ್‌ವರೆಗೆ

ಎಪ್ಪತ್ತರ ದಶಕದಲ್ಲಿ ಒಂದು ಪ್ರೋಟೀನಿನ ರಚನೆ ಬಿಡಿಸಲು ವರ್ಷಗಳೇ ಹಿಡಿಯುತ್ತಿದ್ದವು. ಹರಳು ಬೆಳೆಸಬೇಕು, ಎಕ್ಸ್‌ರೇ ಹಾಯಿಸಬೇಕು, ತಿಂಗಳುಗಟ್ಟಲೆ ಲೆಕ್ಕ ಹಾಕಬೇಕು. ಅಷ್ಟು ದುಡಿದು ಪಡೆದದ್ದನ್ನು ಬೇರೆಯವರ ಕೈಗಿಡಲು ಮನಸ್ಸು ಹಿಂಜರಿಯುವುದು ಸಹಜ. ಆದರೂ 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಇಂಥ ರಚನೆಗಳನ್ನು ಎಲ್ಲರಿಗೂ ಸಿಗುವಂತೆ ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಯಿತು. ಆಗ ಅದರಲ್ಲಿದ್ದದ್ದು ಏಳೇ ರಚನೆಗಳು.

ಅದರ ಕಡತ ತೆರೆದರೆ ಸಾಲಿಗೊಂದು ಪರಮಾಣು ಕಾಣುತ್ತದೆ: ಪರಮಾಣುವಿನ ಹೆಸರು, ಅದು ಸೇರಿದ ಅಮೈನೋ ಆಮ್ಲ, ಅದಿರುವ ಜಾಗವನ್ನು ಹೇಳುವ ಮೂರು ಅಂಕಿಗಳು. ಆ ಅಂಕಿಗಳು ಸಿಕ್ಕರೆ ಮೂಲ ಸಂಶೋಧಕರ ಲೆಕ್ಕ ಸರಿಯೇ ಎಂದು ಯಾರು ಬೇಕಾದರೂ ತಾಳೆ ನೋಡಬಹುದು. ಈ ಪರೀಕ್ಷೆಗೆ ಇಂದಿಗೂ ಬಳಸುವುದು ಜಿ.ಎನ್. ರಾಮಚಂದ್ರನ್ ತಂಡ 1963ರಲ್ಲಿ ಮದರಾಸಿನಲ್ಲಿ ರೂಪಿಸಿದ, ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂದು ತೋರಿಸುವ ನಕ್ಷೆಯನ್ನು.

ದತ್ತಾಂಶ ಹಂಚುವ ಪದ್ಧತಿಗೆ ದೊಡ್ಡ ತಿರುವು ಬಂದದ್ದು 1996ರ ಫೆಬ್ರವರಿಯಲ್ಲಿ, ಬರ್ಮುಡಾ ದ್ವೀಪದ ಸಭೆಯಲ್ಲಿ. ಮಾನವ ಜೀನೋಮ್ ಓದುತ್ತಿದ್ದ ಪ್ರಯೋಗಾಲಯಗಳು ತಮಗೆ ದಕ್ಕಿದ ಡಿಎನ್‌ಎ ಸರಣಿಯನ್ನು 24 ಗಂಟೆಯೊಳಗೆ ಸಾರ್ವಜನಿಕಗೊಳಿಸಬೇಕೆಂದು ಒಪ್ಪಿಕೊಂಡವು. ಪ್ರಬಂಧ ಅಚ್ಚಾಗುವವರೆಗೂ ಕಾಯುವಂತಿಲ್ಲ! ಬ್ರಿಟಿಷ್ ಜೀವವಿಜ್ಞಾನಿ ಜಾನ್ ಸಲ್‌ಸ್ಟನ್ ಇದಕ್ಕಾಗಿ ಪಟ್ಟು ಹಿಡಿದವರಲ್ಲಿ ಮುಖ್ಯರು. ಅತ್ತ ಅದೇ ಜೀನೋಮ್ ಓದುತ್ತಿದ್ದ ಖಾಸಗಿ ಸೆಲೆರಾ ಕಂಪನಿ ತಾನು ಓದಿದ್ದನ್ನು ಕೆಲಕಾಲ ತನ್ನ ಷರತ್ತುಗಳ ಬೇಲಿಯೊಳಗೆ ಇಟ್ಟುಕೊಂಡಿತು. ಹಾಗೆ ಬೇಲಿಯೊಳಗಿದ್ದ ಜೀನ್‌ಗಳ ಮೇಲೆ ಮುಂದೆ ನಡೆದ ಸಂಶೋಧನೆ ಮತ್ತು ಉತ್ಪನ್ನ ಅಭಿವೃದ್ಧಿ ಶೇಕಡಾ 20ರಿಂದ 30ರಷ್ಟು ಕಡಿಮೆಯಾಗಿತ್ತು ಎಂದು ಅರ್ಥಶಾಸ್ತ್ರಜ್ಞೆ ಹೈಡಿ ವಿಲಿಯಮ್ಸ್ 2013ರಲ್ಲಿ ತೋರಿಸಿದರು. ಮುಚ್ಚಿಡುವುದರ ನಷ್ಟಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಹಂಚಿದವರಿಗೇನು ಲಾಭ? ಕ್ಯಾನ್ಸರ್ ಕುರಿತ 85 ಅಧ್ಯಯನಗಳನ್ನು 2007ರಲ್ಲಿ ಪರಿಶೀಲಿಸಿದಾಗ, ದತ್ತಾಂಶ ತೆರೆದಿಟ್ಟ ಪ್ರಬಂಧಗಳಿಗೆ ಉಳಿದವಕ್ಕಿಂತ ಸುಮಾರು ಶೇಕಡಾ 69ರಷ್ಟು ಹೆಚ್ಚು ಉಲ್ಲೇಖಗಳು ಬಂದಿದ್ದವು.

ಲಾಭ ಹಂಚಿದವರಿಗಷ್ಟೇ ಅಲ್ಲ. 2020ರ ಜನವರಿ 11ರ ಹೊತ್ತಿಗೆ ಕೊರೊನಾ ವೈರಸ್ಸಿನ ಜೀನೋಮ್ ಎಲ್ಲರಿಗೂ ಸಿಕ್ಕಿತು. ಎರಡೇ ದಿನದಲ್ಲಿ ಮಾಡರ್ನಾ ಲಸಿಕೆಯ ವಿನ್ಯಾಸ ಸಿದ್ಧವಾಯಿತು. ಮಾರ್ಚ್ 16ಕ್ಕೆ ಮೊದಲ ಸ್ವಯಂಸೇವಕರಿಗೆ ಚುಚ್ಚುಮದ್ದು. ಅದೇ ವರ್ಷ ಪ್ರೋಟೀನಿನ ಆಕಾರವನ್ನು ನಿಖರವಾಗಿ ಊಹಿಸಿ ಬೆರಗು ಹುಟ್ಟಿಸಿದ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಆಲ್ಫಾಫೋಲ್ಡ್ ಕಲಿತದ್ದು ಆ ಹಳೆಯ ಡೇಟಾ ಬ್ಯಾಂಕಿನಿಂದಲೇ. 2024ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಆಲ್ಫಾಫೋಲ್ಡ್ ಕಟ್ಟಿದ ಇಬ್ಬರಿಗೆ ಸಂದಿತು. ಆ ಗೌರವದ ಹಿಂದೆ ಐವತ್ತು ವರ್ಷ ರಚನೆಗಳನ್ನು ಬಿಡಿಸಿ ಬ್ಯಾಂಕಿಗೆ ಕೊಟ್ಟ ಸಾವಿರಾರು ಮಂದಿಯ ದುಡಿಮೆ ಇದೆ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಲಾಗದು, ನಿಜ. ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದ ಜೀನೋಮ್ ಇಂಡಿಯಾ ಯೋಜನೆಯ 10,000 ಜನರ ದತ್ತಾಂಶ 2025ರಿಂದ ಅರ್ಜಿ ಹಾಕಿದ ಸಂಶೋಧಕರಿಗೆ ನಿಯಮಕ್ಕೊಳಪಟ್ಟು ಸಿಗುತ್ತದೆ. ವ್ಯಕ್ತಿಗಳ ಆರೋಗ್ಯದ ಗುಟ್ಟು ಅಡಗಿರುವಲ್ಲಿ ಇದೇ ಸರಿಯಾದ ದಾರಿ. ಹೇಗೆ ಹಂಚಿದರೂ, ದತ್ತಾಂಶ ಕಲೆಹಾಕಿ, ಒಪ್ಪಮಾಡಿ, ವಿವರಣೆ ಬರೆದಿಟ್ಟವರ ದುಡಿಮೆಗೂ ಬೆಲೆ ಸಿಗಬೇಕು. ನೇಮಕ, ಬಡ್ತಿಯ ಹೊತ್ತಿನಲ್ಲಿ ಅದನ್ನು ಪ್ರಬಂಧದಷ್ಟೇ ಗಣನೆಗೆ ತೆಗೆದುಕೊಳ್ಳುವ ನಿಯಮವನ್ನು ನಮ್ಮ ವಿಶ್ವವಿದ್ಯಾಲಯಗಳು ಇನ್ನಾದರೂ ಮಾಡಲಿ.