ಕರ್ತೃವೂ ಸ್ವೀಕರ್ತೃವೂ: ಆವೃತ್ತಿ ನಿಯಂತ್ರಣದ ಆಪ್ಷನ್‌ಗಳ ಚರಿತ್ರೆ

ಅನೇಕರ ಕೈಯಿಂದ ರೂಪುಗೊಳ್ಳುವ ಕೃತಿಯಲ್ಲಿ ಯಾವ ಅಂಶವು ಯಾರ ಶ್ರಮದಿಂದ, ಯಾರ ಸಮ್ಮತಿಯಿಂದ ಸೇರಿತೆಂಬ ಪ್ರಶ್ನೆಗೆ ಗಣಕಲೋಕವು ಕಂಡುಕೊಂಡ ಉತ್ತರವೇ ಆವೃತ್ತಿ ನಿಯಂತ್ರಣ ವ್ಯವಸ್ಥೆ. ಆಜ್ಞೆಯ ಬಳಿಕ ಕಿರುಗೆರೆಯೊಡನೆ ಸೇರಿಸುವ ಆಪ್ಷನ್‌ಗಳು ಕೇವಲ ಸೌಕರ್ಯಸಾಧನಗಳೆಂದು ತೋರಬಹುದಾದರೂ, ಅವುಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದಲ್ಲಿ ಕರ್ತೃತ್ವದ ಕಲ್ಪನೆಯು ಹಂತಹಂತವಾಗಿ ಸೂಕ್ಷ್ಮಗೊಂಡ ಬಗೆಯು ವಿಶದವಾಗುತ್ತದೆ.

ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಆರಂಭಿಸಿದ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯಲ್ಲಿ ‘ಗೆಟ್’ ಆಜ್ಞೆಗೆ ‘-ಇ’ ಸೇರಿಸಿದರೆ ಕಡತವು ತಿದ್ದುವುದಕ್ಕೆ ದೊರೆಯುತ್ತಿತ್ತು. 1980ರ ದಶಕದ ಆದಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ರಚಿಸಿದ ಆರ್‌ಸಿಎಸ್‌ನಲ್ಲಿ ‘ಸಿಒ’ ಆಜ್ಞೆಯ ‘-ಎಲ್’ ಕಡತಕ್ಕೆ ಬೀಗ ಹಾಕುತ್ತಿತ್ತು. ತಿದ್ದಿದವನ ಹೆಸರು ದಾಖಲಾಗುತ್ತಿದ್ದಿತಾದರೂ, ಕಡತವು ಸದ್ಯಕ್ಕೆ ಯಾರ ವಶದಲ್ಲಿದೆ ಎಂಬುದೇ ಈ ಆಪ್ಷನ್‌ಗಳ ಮುಖ್ಯ ಕಾಳಜಿಯಾಗಿತ್ತು. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್‌ಗಾಗಿ ಗಿಟ್ ಎಂಬ ವ್ಯವಸ್ಥೆಯನ್ನು ರಚಿಸಿದಾಗ ಸನ್ನಿವೇಶವು ಭಿನ್ನವಾಗಿತ್ತು. ಅಲ್ಲಿ ಒಬ್ಬನು ಬರೆದು ಇ-ಮೇಲ್‌ನಲ್ಲಿ ಕಳುಹಿದ ತಿದ್ದುಪಡಿಯನ್ನು ಮತ್ತೊಬ್ಬನು ಪರಿಶೀಲಿಸಿ ಸೇರಿಸುತ್ತಿದ್ದನಾದ್ದರಿಂದ, ಪ್ರತಿಯೊಂದು ದಾಖಲೆಯಲ್ಲಿಯೂ ಬರೆದವನ ಹೆಸರು, ಸೇರಿಸಿದವನ ಹೆಸರು ಎಂಬ ಎರಡು ಸ್ಥಾನಗಳು ಏರ್ಪಟ್ಟವು. ‘ಗಿಟ್ ಲಾಗ್’ ಆಜ್ಞೆಯ ‘--ಆಥರ್’, ‘--ಕಮಿಟರ್’ ಎಂಬವು ಇವುಗಳನ್ನು ಬೇರೆಬೇರೆಯಾಗಿ ಅರಸುತ್ತವೆ. ‘ಗಿಟ್ ಕಮಿಟ್’ನ ‘--ಸೈನ್‌ಆಫ್’, ಲಿನಕ್ಸ್ ಬಳಗವು 2004ರಿಂದ ಅನುಸರಿಸಿದ ಹೊಣೆಗಾರಿಕೆಯ ಅಂಕಿತವನ್ನು ಸೇರಿಸುತ್ತದೆ.

ಮಾಡಿದವನನ್ನೂ ಸ್ವೀಕರಿಸಿದವನನ್ನೂ ಬೇರೆಬೇರೆಯಾಗಿ ಕಾಣುವ ಈ ವಿವೇಕವು ನಮ್ಮ ನಾಡಿಗೆ ನೂತನವಲ್ಲ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ದೇಗುಲದಲ್ಲಿ ಅರಸನ ಶಾಸನವು ಬೇರೆಯಾಗಿಯೂ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಾವು ಕಡೆದ ವಿಗ್ರಹಗಳಲ್ಲಿ ಕೆತ್ತಿದ ಅಂಕಿತಗಳು ಬೇರೆಯಾಗಿಯೂ ಉಳಿದಿವೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯೂ ಶಿಲ್ಪಿಗಳ ಹೆಸರುಗಳುಂಟು. ಮಾಡಿಸಿದವನ ಕೀರ್ತಿಯಲ್ಲಿ ಮಾಡಿದವನ ಹೆಸರನ್ನು ಅಡಗಿಸದ ಈ ಪದ್ಧತಿಯಿಂದಲೇ, ಬೇಲೂರಿನ ಎಷ್ಟೋ ವಿಗ್ರಹಗಳನ್ನು ನಾವಿಂದು ಅವುಗಳ ಕರ್ತೃಗಳ ಹೆಸರಿನಿಂದ ಗುರುತಿಸಬಲ್ಲೆವು.

ಈ ಊರುಗಳಿರುವ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಇಂಥ ಪಾಠಗಳನ್ನು ಗಿಟ್‌ನಲ್ಲಿರಿಸಿ ಪರಿಷ್ಕರಿಸುವಾಗ, ಕಲ್ಲನ್ನು ಕಣ್ಣಾರೆ ಕಂಡು ಅಕ್ಷರವೊಂದನ್ನು ತಿದ್ದಿದವನು ಅರಸೀಕೆರೆಯ ಉಪಾಧ್ಯಾಯನೂ ಅದನ್ನು ಗಣಕಕ್ಕೇರಿಸುವವನು ಬೇರೊಬ್ಬನೂ ಆಗಿದ್ದಲ್ಲಿ, ‘ಗಿಟ್ ಕಮಿಟ್’ ಆಜ್ಞೆಗೆ ‘--ಆಥರ್’ ಸೇರಿಸಿ ಉಪಾಧ್ಯಾಯನ ಹೆಸರನ್ನೂ ಇ-ಮೇಲ್ ವಿಳಾಸವನ್ನೂ ಕೊಡತಕ್ಕದ್ದು. ಏರಿಸಿದವನ ಹೆಸರನ್ನು ಗಿಟ್ ತಾನಾಗಿಯೇ ಪ್ರತ್ಯೇಕವಾಗಿ ದಾಖಲಿಸುತ್ತದೆ. ‘--ಆಥರ್’ ಸೇರಿಸದಿದ್ದಲ್ಲಿ, ಮುಂದೊಬ್ಬ ಸಂಶೋಧಕನು ‘ಗಿಟ್ ಬ್ಲೇಮ್’ನಿಂದ ವಿಚಾರಿಸಿದಾಗ ಆ ಪಂಕ್ತಿಯು ಏರಿಸಿದವನದೆಂದೇ ಕಾಣುವುದು. ಪಾಠವೊಂದರ ಪ್ರಾಮಾಣ್ಯವು ಅದನ್ನು ಓದಿದ ಕಣ್ಣನ್ನು ಅವಲಂಬಿಸಿರುವುದರಿಂದ, ಈ ಒಂದು ಆಪ್ಷನ್ನಿನ ಬಳಕೆಯನ್ನು ಶಾಸನಸಂಪಾದಕನು ತನ್ನ ಕರ್ತವ್ಯವೆಂದೇ ಭಾವಿಸಬೇಕು.