ತರಕಾರಿ ಕೀಟ ನಿರ್ವಹಣೆಯಲ್ಲಿ ಅಂತರ ಬೆಳೆ: ಚರಿತ್ರೆ

ಮುಖ್ಯ ತರಕಾರಿಯ ಸಾಲುಗಳ ನಡುವೆ ಬೇರೊಂದು ಗಿಡ ಬೆಳೆಸಿ ಕೀಟದ ಹಾವಳಿ ತಗ್ಗಿಸುವ ಕ್ರಮ. ಕೀಟವನ್ನು ದಾರಿ ತಪ್ಪಿಸುವ ಗಿಡ, ಕೀಟವನ್ನು ತನ್ನತ್ತ ಸೆಳೆದುಕೊಳ್ಳುವ ಬಲೆ ಬೆಳೆ, ಮಣ್ಣಿನ ಜಂತುಹುಳುವನ್ನು ಕೊಲ್ಲುವ ಗಿಡ, ಈ ಮೂರನ್ನೂ ಹಲವು ಕೈಪಿಡಿಗಳು ಒಂದೇ ಎಂಬಂತೆ ವಿವರಿಸುತ್ತವೆ. ಚೆಂಡು ಹೂವಿನ ವಿಷಯದಲ್ಲಿ ಈ ಗೊಂದಲ ಹೆಚ್ಚು.

ಮಿಶ್ರ ಬೆಳೆ ಹಳೆಯದು. ಮಧ್ಯ ಅಮೆರಿಕದ ರೈತರು ಮುಸುಕಿನ ಜೋಳ, ಬೀನ್ಸ್, ಕುಂಬಳವನ್ನು ಜೊತೆಯಲ್ಲಿ ಬೆಳೆದರು. ದಕ್ಷಿಣ ಕರ್ನಾಟಕದಲ್ಲಿ ರಾಗಿ ಹೊಲಕ್ಕೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿತ್ತಿದರು. ಅಕ್ಕಡಿಯಿಂದ ಮನೆಗೆ ಬೇಳೆ, ಎಣ್ಣೆ ಸಿಗುತ್ತಿತ್ತು, ಮಳೆ ಕೈಕೊಟ್ಟ ವರ್ಷ ಏನಾದರೊಂದು ಉಳಿಯುತ್ತಿತ್ತು. ಕೀಟ ತಡೆಗೆಂದೇ ಅದು ಹುಟ್ಟಿತು ಎನ್ನಲು ಆಧಾರ ಸಾಲದು.

ಪ್ರಯೋಗದ ಚರಿತ್ರೆಗೆ 1972ರ ಒಂದು ಪ್ರಬಂಧ ತಿರುವು ಕೊಟ್ಟಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಯೋರ್ಮಾ ತಹ್ವನೈನೆನ್ ಮತ್ತು ರಿಚರ್ಡ್ ರೂಟ್, ಕೋಸಿನ ಜಾತಿಯ ಕಾಲರ್ಡ್ ಸೊಪ್ಪಿನ ಪಕ್ಕ ಟೊಮೆಟೊದಂಥ ಗಿಡಗಳಿದ್ದರೆ ಎಲೆ ತೂತು ಮಾಡುವ ಪುಟ್ಟ ದುಂಬಿಗಳು ಕಡಿಮೆಯಾಗುವುದನ್ನು ತೋರಿಸಿದರು. 1973ರಲ್ಲಿ ರೂಟ್ ಎರಡು ಕಾರಣ ಮುಂದಿಟ್ಟರು: ಒಂದೇ ಬೆಳೆ ದಟ್ಟವಾಗಿದ್ದಲ್ಲಿ ಅದನ್ನೇ ತಿನ್ನುವ ಕೀಟ ಬಂದು ನೆಲೆಯೂರುತ್ತದೆ, ಬೆರೆಸಿ ಬೆಳೆದಲ್ಲಿ ಕೀಟದ ಶತ್ರುಗಳು ಹೆಚ್ಚುತ್ತವೆ. ಸ್ಟೀಫನ್ ರಿಶ್ 1981ರಲ್ಲಿ ಪ್ರಕಟಿಸಿದ ಕೋಸ್ಟರಿಕದ ಪ್ರಯೋಗಗಳಲ್ಲಿ ಮೊದಲ ಕಾರಣದ ಕೈ ಮೇಲಾಯಿತು. ದುಂಬಿಗಳು ಸಾಯುತ್ತಿರಲಿಲ್ಲ, ಮಿಶ್ರ ತಾಕನ್ನು ಬಿಟ್ಟು ಹೊರಟುಹೋಗುತ್ತಿದ್ದವು.

ಡೇವಿಡ್ ಆಂಡೊ 1991ರಲ್ಲಿ ಎಲ್ಲ ಬಗೆಯ ಬೆಳೆಗಳ 209 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಅವುಗಳಲ್ಲಿದ್ದ 287 ಕೀಟ ಪ್ರಭೇದಗಳ ಪೈಕಿ ಶೇ 52ರಷ್ಟು ಮಿಶ್ರ ಬೆಳೆಯಲ್ಲಿ ಕಡಿಮೆ ಇದ್ದವು, ಶೇ 15ರಷ್ಟು ಹೆಚ್ಚೇ ಇದ್ದವು. ಎರಡನೆಯ ಅಂಕಿಯನ್ನು ಪ್ರಚಾರ ಸಾಹಿತ್ಯ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ.

ಬಲೆ ಬೆಳೆಯ ಪ್ರಸಿದ್ಧ ಸೂತ್ರಗಳು ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು. ಕೆ. ಶ್ರೀನಿವಾಸನ್ ಮತ್ತು ಪಿ.ಎನ್. ಕೃಷ್ಣಮೂರ್ತಿ 1991ರಲ್ಲಿ ಎಲೆಕೋಸಿನ ವಜ್ರಬೆನ್ನಿನ ಪತಂಗಕ್ಕೆ ಸಾಸಿವೆ ಸೂಚಿಸಿದರು. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ: ಒಂದನ್ನು ಕೋಸು ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನಕ್ಕೆ ಬಿತ್ತಬೇಕು. ಮೊದಲ ಸಾಲು ಬಲಿತುಹೋದರೂ ಪತಂಗಕ್ಕೆ ಎಳೆಯ ಸಾಸಿವೆ ಸಿಗಲಿ ಎಂಬುದು ಲೆಕ್ಕ. ಆದರೆ 1999ರಲ್ಲಿ ವರದಿಯಾದ ಟೆಕ್ಸಾಸ್‌ನ ಪ್ರಯೋಗದಲ್ಲಿ ಸಾಸಿವೆ ಪತಂಗಗಳನ್ನು ವಿಶೇಷವಾಗಿ ಸೆಳೆಯಲಿಲ್ಲ. ಅದಕ್ಕೆ ಮುತ್ತಿದ್ದು ರಸ ಹೀರುವ ತಿಗಣೆಗಳು. ಒಂದೂರಿನ ಸೂತ್ರ ಇನ್ನೊಂದೂರಿಗೆ ಒಗ್ಗದಿರುವುದಕ್ಕೆ ಇದು ದಾಖಲಾದ ಉದಾಹರಣೆ.

ಟೊಮೆಟೊ ಕಾಯಿ ಕೊರಕಕ್ಕೆ ಚೆಂಡು ಹೂವಿನ ಸೂತ್ರವನ್ನು ಇವರಿಬ್ಬರೂ ಟಿ.ಎನ್. ರವಿಪ್ರಸಾದರೂ 1994ರಲ್ಲಿ ಪ್ರಕಟಿಸಿದರು. 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಆಫ್ರಿಕನ್ ಚೆಂಡು ಹೂ. ಟೊಮೆಟೊ ಸಸಿಗೆ 25 ದಿನವಾಗಿದ್ದರೆ ಚೆಂಡು ಹೂವಿನ ಸಸಿಗೆ 40 ದಿನವಾಗಿರಬೇಕು, ಎರಡೂ ಒಟ್ಟಿಗೆ ಹೂ ಬಿಡಬೇಕು. ತಾಯಿ ಪತಂಗ ಮೊಗ್ಗು, ಹೂಗಳಿಗೆ ಒಲಿದು ಅಲ್ಲೇ ಮೊಟ್ಟೆ ಇಡುತ್ತದೆ. ಅಂದರೆ ಇಲ್ಲಿ ಚೆಂಡು ಹೂ ಹುಳುವನ್ನು ಓಡಿಸುವುದಿಲ್ಲ, ಕರೆಯುತ್ತದೆ. ಬಲೆ ಬೆಳೆಯೊಂದೇ ಸಾಕೆಂದೂ ಈ ಸಂಶೋಧಕರು ಹೇಳಲಿಲ್ಲ. ಔಷಧಿ ಸಿಂಪರಣೆ ಅವರ ಕ್ರಮದ ಭಾಗವೇ ಆಗಿತ್ತು.

ಬೇರಿನ ಕತೆ ಬೇರೆ. ಚೆಂಡು ಹೂವಿನ ಬೇರಿನಲ್ಲಿ ಜಂತುಹುಳುವಿಗೆ ಮಾರಕವಾದ ಟರ್ಥೈಯೆನಿಲ್ ಇರುವುದನ್ನು ನೆದರ್ಲೆಂಡ್ಸ್‌ನ ಉಲೆನ್‌ಬ್ರುಕ್ ಮತ್ತು ಬೈಲೊ 1958ರಲ್ಲೇ ಗುರುತಿಸಿದ್ದರು. ಕಾಯಿ ಕೊರಕಕ್ಕೂ ಅದಕ್ಕೂ ಸಂಬಂಧವಿಲ್ಲ.

ವಾಸನೆಯ ಗಿಡಗಳು ಕೀಟವನ್ನು ಓಡಿಸುತ್ತವೆ ಎಂಬ ನಂಬಿಕೆಗೆ ಇಂಗ್ಲೆಂಡಿನ ವೆಲ್ಸ್‌ಬರ್ನ್‌ನಲ್ಲಿ ಪೆಟ್ಟು ಬಿತ್ತು. ಕೋಸಿನ ಬೇರು ನೊಣ ಕೋಸಿನ ವಾಸನೆ ಹಿಡಿದು ಬಂದರೂ, ಕೂರುವಾಗ ಹಸಿರು ಕಂಡಲ್ಲಿ ಕೂರುತ್ತದೆ, ಬರಿ ಮಣ್ಣನ್ನು ಬಿಡುತ್ತದೆ. ಮೊಟ್ಟೆ ಇಡುವ ಮುನ್ನ ಅದು ಮತ್ತೆ ಮತ್ತೆ ಕೋಸಿನ ಎಲೆಯ ಮೇಲೇ ಇಳಿಯಬೇಕು. ಸುತ್ತ ಬೇರೆ ಹಸಿರಿದ್ದರೆ ಲೆಕ್ಕ ತಪ್ಪುತ್ತದೆ. ಹಸಿರು ಕಾಗದದ ಗಿಡಗಳನ್ನು ಸುತ್ತ ನಿಲ್ಲಿಸಿದರೂ ಮೊಟ್ಟೆ ಕಡಿಮೆಯಾಯಿತು, ಕಂದು ಕಾಗದಕ್ಕೆ ಆ ಗುಣವಿರಲಿಲ್ಲ. ಸ್ಟಾನ್ ಫಿಂಚ್ ಮತ್ತು ರೋಸ್‌ಮೆರಿ ಕಾಲಿಯರ್ ಇದನ್ನು 2000ದಲ್ಲಿ ಸಿದ್ಧಾಂತವಾಗಿ ಮಂಡಿಸಿದರು. 2003ರ ಅವರ ಪರೀಕ್ಷೆಯಲ್ಲಿ ವಾಸನೆಯ ಗಿಡಗಳು ವಾಸನೆಯಿಲ್ಲದವಕ್ಕಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ.

2014ರಲ್ಲಿ ಭಾರತದಲ್ಲಿ ಕಾಣಿಸಿಕೊಂಡ ಟ್ಯೂಟಾ ಪತಂಗದ ಹುಳು ಟೊಮೆಟೊ ಎಲೆಯೊಳಗೆ ಸುರಂಗ ಕೊರೆಯುತ್ತದೆ, ಕಾಯಿಗೂ ಇಳಿಯುತ್ತದೆ. ಹೆಸರಘಟ್ಟದ 16:1 ಸೂತ್ರ ರೂಪುಗೊಂಡಾಗ ಈ ಕೀಟ ಇಲ್ಲಿ ಇರಲಿಲ್ಲ.