ಸ್ಯಾತ್ಕಾರವೂ ವಾಕ್ಯಾರ್ಥವೂ

ವ್ಯಾಕರಣದೃಷ್ಟಿಯಿಂದ 'ಸ್ಯಾತ್' ಎಂಬುದು ಅಸ್ ಧಾತುವಿನ ವಿಧಿಲಿಙ್ ರೂಪ. ಸಪ್ತಭಂಗಿಯ ವಾಕ್ಯಗಳಲ್ಲಿಯೂ ಇದನ್ನು ತಿಙಂತವೆಂದೇ ಗ್ರಹಿಸಿದರೆ 'ಇದ್ದೀತು' ಎಂಬ ಅರ್ಥವುಂಟಾಗಿ, ಸ್ಯಾದ್ವಾದವು ಸಂಶಯವಾದವೆಂಬ ಆಕ್ಷೇಪಕ್ಕೆ ಎಡೆಯಾಗುವುದು. ಬ್ರಹ್ಮಸೂತ್ರ 2-2-33ರ ಭಾಷ್ಯದಲ್ಲಿ ಶಂಕರಾಚಾರ್ಯರು ಒಡ್ಡಿರುವುದೂ ಅನಿಶ್ಚಯದ ಆಕ್ಷೇಪವನ್ನೇ. ಆದರೆ ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯ 103ನೆಯ ಕಾರಿಕೆಯಲ್ಲಿ ಇದು ನಿಪಾತವೆಂದೂ, ವಾಕ್ಯಗಳಲ್ಲಿ ಅನೇಕಾಂತವನ್ನು ದ್ಯೋತಿಸುವುದೆಂದೂ ಸ್ಪಷ್ಟವಾಗಿ ನಿರ್ಣಯಿಸಿರುವರು. 'ಸ್ಯಾದಸ್ತ್ಯೇವ ಘಟಃ' ಎಂದಾಗ ಘಟವು ಸ್ವದ್ರವ್ಯ, ಸ್ವಕ್ಷೇತ್ರ, ಸ್ವಕಾಲ, ಸ್ವಭಾವಗಳ ಅಪೇಕ್ಷೆಯಿಂದ ಇದ್ದೇ ಇದೆ. ಸಂಶಯವೇ ವಿವಕ್ಷಿತವಾಗಿದ್ದರೆ ಅವಧಾರಣಾರ್ಥಕವಾದ ಏವಕಾರಕ್ಕೆ ಇಲ್ಲಿ ಏನು ಕೆಲಸ? (ಪೂಜ್ಯಪಾದರ ಜೈನೇಂದ್ರವ್ಯಾಕರಣವು ಶಬ್ದಸಿದ್ಧಿಯನ್ನೇ ಅನೇಕಾಂತದ ಮೇಲೆ ನಿಲ್ಲಿಸಿ ಆರಂಭವಾಗುವುದೂ ಸ್ಮರಣೀಯ.)

ಅಕಲಂಕದೇವರು ಲಘೀಯಸ್ತ್ರಯದಲ್ಲಿ, ಪ್ರಯೋಗಿಸುವವನು ಕುಶಲನಾಗಿದ್ದರೆ ಸ್ಯಾತ್ಕಾರವನ್ನು ಉಚ್ಚರಿಸದಿದ್ದರೂ ಅದು ಅರ್ಥದಿಂದಲೇ ಪ್ರತೀತವಾಗುವುದೆಂದರು. ಗ್ರಂಥಸಂಪಾದಕರು ಮರೆಯಬಾರದ ಮಾತಿದು. ತಾಳೆಯೋಲೆಯ ಪ್ರತಿಯಲ್ಲಿ 'ಅಸ್ತ್ಯೇವ' ಎಂದಷ್ಟೇ ಕಂಡಾಗ, ಲಿಪಿಕಾರನ ಕೈತಪ್ಪಿನಿಂದ 'ಸ್ಯಾತ್' ಬಿಟ್ಟುಹೋಯಿತೆಂದು ಬಗೆದು ಅದನ್ನು ಸೇರಿಸುವ ಮನಸ್ಸಾಗುವುದು ಸಹಜ. ಗ್ರಂಥಕಾರನೇ ಬುದ್ಧಿಪೂರ್ವಕವಾಗಿ ಬಿಟ್ಟಿರಬಹುದು. ಪ್ರತ್ಯಂತರದ ಆಧಾರವಿಲ್ಲದಲ್ಲಿ ಓಲೆಯ ಪಾಠವನ್ನೇ ಉಳಿಸಿ, ಸ್ಯಾತ್ಕಾರದ ಅಧ್ಯಾಹಾರವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವುದೇ ಯುಕ್ತ.